ಮಲೆನಾಡಿನ ಮನೆಗಳ ವಕ್ರ ಅಳತೆಯ ಕಿಟಕಿಗಳಿಗೆ ಪರದೆ: ಅಳತೆಯಿಂದ ಜೋಡಣೆಯವರೆಗೆ

ಅಂಗಡಿಯಲ್ಲಿ ಸಿದ್ಧ ಪರದೆ ಕೇಳಿದರೆ ಸಾಮಾನ್ಯವಾಗಿ ಮೂರು ಉದ್ದಗಳು ನಮ್ಮ ಮುಂದೆ ಬರುತ್ತವೆ: ಕಿಟಕಿಗೆ 5 ಅಡಿ, ಬಾಗಿಲಿಗೆ 7 ಅಡಿ, ಎತ್ತರದ ಬಾಗಿಲಿಗೆ 9 ಅಡಿ. ಅಗಲ ಬಹುಮಟ್ಟಿಗೆ 4 ಅಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೆಯ ಮನೆಗಳ ಮಲಗುವ ಕೋಣೆಗೆ ಈ ಮೂರರಲ್ಲಿ ಒಂದೂ ಹೊಂದುವುದಿಲ್ಲ. ಒಂದು ಕಿಟಕಿ 26 ಇಂಚು ಅಗಲ, 34 ಇಂಚು ಎತ್ತರವಿದ್ದರೆ ಅದೇ ಗೋಡೆಯ ಇನ್ನೊಂದು ಕಿಟಕಿ ನಾಲ್ಕು ಇಂಚು ಮೇಲಿರುತ್ತದೆ. ಉಪ್ಪರಿಗೆಯ ಕಿಟಕಿಯ ತಲೆಯ ಮೇಲೆಯೇ ಮಾಡು ಇಳಿದಿರುತ್ತದೆ. ಈ ಅಳತೆಗಳ ಹಿಂದೆ ಮಳೆಯ ಲೆಕ್ಕವಿದೆ. ಎರಚಲು ಒಳಗೆ ಬಾರದಿರಲೆಂದು ಸೂರನ್ನು ತಗ್ಗಿಸಿದರು, ಸೂರು ತಗ್ಗಿದ್ದರಿಂದ ಕಿಟಕಿ ಕುಗ್ಗಿತು, ಮಣ್ಣಿನ ಗೋಡೆ ಭಾರ ಹೊರಬೇಕಾದ್ದರಿಂದ ಅದರಲ್ಲಿ ದೊಡ್ಡ ಬಾಯಿ ತೆಗೆಯುವುದನ್ನು ತಪ್ಪಿಸಿದರು. ಶಿವಮೊಗ್ಗ ನಗರದ ಹೊಸ ಬಡಾವಣೆಗಳಲ್ಲಿ ತೊಂದರೆ ಬೇರೆ ಬಗೆಯದು: ಮಂಚದ ತಲೆಯ ಮೇಲೆ 8 ಅಡಿ ಅಗಲ, ಎರಡು ಅಡಿ ಎತ್ತರದ ಸೀಳು ಕಿಟಕಿ, ಇಲ್ಲವೇ ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಗಾಜು.

ನಮ್ಮ ಮನೆಯ ನಾಲ್ಕು ಕೋಣೆಗಳಿಗೆ ಪರದೆ ಹಾಕಿಸಿ, ಅವುಗಳಲ್ಲಿ ಎರಡನ್ನು ಮರುವರ್ಷವೇ ಬಿಚ್ಚಿ ಮತ್ತೆ ಹೊಲಿಸಿದ ಅನುಭವದಿಂದ ನಾನು ಕಂಡುಕೊಂಡದ್ದು ಇಷ್ಟು: ನಮ್ಮಲ್ಲಿ ಪರದೆಯನ್ನು ಮೊದಲು ಮಳೆಗಾಲಕ್ಕೆ ಹೊಂದಿಸಬೇಕು, ಆಮೇಲೆ ಕಿಟಕಿಗೆ, ಕೊನೆಯಲ್ಲಿ ಗೋಡೆಯ ಬಣ್ಣಕ್ಕೆ. ಈ ಕ್ರಮ ತಲೆಕೆಳಗಾದರೆ ಖರ್ಚು ಎರಡು ಸಲ ಆಗುತ್ತದೆ.

ಮೊದಲ ಹಂತ: ಕಿಟಕಿಯ ಕೆಲಸವನ್ನು ಗಮನಿಸುವುದು

ಟೇಪು ಹಿಡಿಯುವ ಮೊದಲು ಎರಡು ದಿನ ಆ ಕಿಟಕಿಯನ್ನು ಬೆಳಿಗ್ಗೆ, ಸಂಜೆ ಮತ್ತು ರಾತ್ರಿ ದೀಪ ಹಚ್ಚಿದ ಮೇಲೆ ನೋಡಿ. ಶಿವಮೊಗ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ಭಾಗದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆ ಬಿಸಿಲು ಕಿಟಕಿಯಿಂದ ಒಳಗೆ ಬರುವುದಿಲ್ಲ, ಸಜ್ಜೆಯೇ ಅದನ್ನು ತಡೆಯುತ್ತದೆ. ನಿದ್ದೆ ಕೆಡಿಸುವುದು ಪೂರ್ವದ ಕಿಟಕಿಯಲ್ಲಿ ಬೆಳಿಗ್ಗೆ ಓರೆಯಾಗಿ ಬರುವ ಬಿಸಿಲು. ಕೋಣೆಯನ್ನು ಕಾಯಿಸುವುದು ಪಶ್ಚಿಮದ ಕಿಟಕಿಯಲ್ಲಿ ಸಂಜೆ ಬರುವ ಬಿಸಿಲು. ದಕ್ಷಿಣದ ಕಿಟಕಿಗೆ ಚಳಿಗಾಲದಲ್ಲಿ ಮಾತ್ರ ಬಿಸಿಲು ಬೀಳುತ್ತದೆ, ಆಗ ಅದು ಬೇಕಾಗಿಯೇ ಇರುತ್ತದೆ. ಆದ್ದರಿಂದ ಎಲ್ಲ ಕಿಟಕಿಗೂ ಒಂದೇ ದಪ್ಪದ ಬಟ್ಟೆ ಕೊಳ್ಳುವ ಅಗತ್ಯವಿಲ್ಲ.

ಮಳೆ ನಮಗೆ ಬರುವುದು ನೈಋತ್ಯದಿಂದ. ಪಶ್ಚಿಮ ಮತ್ತು ದಕ್ಷಿಣದ ಕಿಟಕಿಗಳು ಗಾಳಿಮಳೆಗೆ ನೇರವಾಗಿ ಎದುರಾಗುತ್ತವೆ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಗೂ, ಅದರ ಒಂದು ಸಣ್ಣ ಪಾಲಷ್ಟೇ ಕಾಣುವ ಶಿವಮೊಗ್ಗ ನಗರದ ಮಳೆಗೂ ಅಜಗಜಾಂತರವಿದೆ. ಆದ್ದರಿಂದ ಪೇಟೆಯ ನೆಂಟರ ಮನೆಯಲ್ಲಿ ಚೆನ್ನಾಗಿ ಕಂಡ ಪರದೆಯನ್ನು ಘಟ್ಟದ ಅಂಚಿನ ಮನೆಗೆ ಹಾಗೆಯೇ ತರುವುದು ಸರಿಯಲ್ಲ. ಜುಲೈ ತಿಂಗಳಲ್ಲಿ ಈ ಕಿಟಕಿ ತೆರೆದಿರುತ್ತದೆಯೇ, ಮುಚ್ಚಿರುತ್ತದೆಯೇ, ಎರಚಲು ಒಳಗೆ ಎಷ್ಟು ದೂರ ಬರುತ್ತದೆ ಎಂಬುದನ್ನು ಮನೆಯ ಹಿರಿಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಹೊರಗಿನಿಂದ ಯಾರ ಕಣ್ಣು ಬೀಳುತ್ತದೆ ಎಂಬುದನ್ನೂ ನೋಡಿ: ತೋಟದ ಕಡೆಗೆ ತೆರೆಯುವ ಕಿಟಕಿಗೆ ಮರೆ ಬೇಕಿಲ್ಲದಿರಬಹುದು, ಅಂಗಳದ ಕಡೆಯದಕ್ಕೆ ಕೆಳಗಿನ ಅರ್ಧಕ್ಕಷ್ಟೇ ಬೇಕಾಗಬಹುದು.

ಎರಡನೆಯ ಹಂತ: ಅಳತೆ

ದರ್ಜಿಯ ಬಟ್ಟೆಯ ಟೇಪು ಎಳೆದಂತೆ ಹಿಗ್ಗುತ್ತದೆ. ಉಕ್ಕಿನ ಟೇಪನ್ನೇ ಬಳಸಿ. ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆಯಿರಿ. ಎತ್ತರವನ್ನು ಎಡ, ನಡು, ಬಲ ಮೂರು ಕಡೆ ಅಳೆಯಿರಿ. ಆಮೇಲೆ ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಎರಡು ಕರ್ಣಗಳೂ ಸಮವಾಗಿದ್ದರೆ ಚೌಕಟ್ಟು ನೆಟ್ಟಗಿದೆ ಎಂದರ್ಥ. ಹಳೆಯ ಮನೆಗಳಲ್ಲಿ ಅವುಗಳ ನಡುವೆ ಅರ್ಧ ಇಂಚಿಗೂ ಹೆಚ್ಚು ವ್ಯತ್ಯಾಸ ಕಾಣುವುದು ಅಪರೂಪವಲ್ಲ, ಏಕೆಂದರೆ ಮಣ್ಣಿನ ಗೋಡೆ ಕುಸಿದಂತೆ ಚೌಕಟ್ಟೂ ಓರೆಯಾಗುತ್ತದೆ. ಅಷ್ಟು ವ್ಯತ್ಯಾಸವಿರುವ ಕಿಟಕಿಯ ಒಳಗೆ ಬ್ಲೈಂಡ್ (ಮೇಲಕ್ಕೆ ಸುತ್ತಿಕೊಳ್ಳುವ ಅಥವಾ ಅಡ್ಡಪಟ್ಟಿಗಳ ಪರದೆ) ಕೂರಿಸಲು ಹೋಗಬೇಡಿ. ಒಂದು ಬದಿಯಲ್ಲಿ ಬೆಳಕಿನ ಗೆರೆ ಉಳಿಯುತ್ತದೆ, ಇನ್ನೊಂದು ಬದಿಯಲ್ಲಿ ಬಟ್ಟೆ ಉಜ್ಜುತ್ತದೆ.

ಕಿಟಕಿಯಷ್ಟೇ ಮುಖ್ಯವಾಗಿ ಅದರ ಸುತ್ತಲಿನ ಜಾಗವನ್ನೂ ಅಳೆಯಬೇಕು. ಚೌಕಟ್ಟಿನ ಎರಡೂ ಬದಿಗೆ ಗೋಡೆ ಎಷ್ಟಿದೆ, ಎಷ್ಟು ಇಂಚಿಗೆ ಬೀರು ಅಥವಾ ಸ್ವಿಚ್ ಬೋರ್ಡ್ ಅಡ್ಡ ಬರುತ್ತದೆ, ಮೇಲೆ ತೊಲೆಗೆ ಎಷ್ಟು ಅಂತರವಿದೆ, ಕೆಳಗೆ ಮಂಚದ ತಲೆಹಲಗೆ ಎಲ್ಲಿಗೆ ಬರುತ್ತದೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಚಿತ್ರ ಬರೆದು ಗುರುತಿಸಿ.

ಬಹಳ ಮಂದಿ ಮರೆಯುವ ಅಳತೆಯೊಂದಿದೆ. ನಮ್ಮ ಹಳೆಯ ಕಿಟಕಿಗಳಲ್ಲಿ ಸರಳು ಚೌಕಟ್ಟಿನಲ್ಲೇ ಇದ್ದು ಬಾಗಿಲುಗಳು ಕೋಣೆಯ ಒಳಮುಖವಾಗಿ ತೆರೆಯುತ್ತವೆ. ಬಾಗಿಲನ್ನು ಪೂರ್ತಿ ತೆರೆದು, ಅದರ ಅಂಚು ಗೋಡೆಯಿಂದ ಎಷ್ಟು ಮುಂದಕ್ಕೆ ಬರುತ್ತದೆ, ಮೇಲಕ್ಕೆ ಎಲ್ಲಿಯವರೆಗೆ ತಾಗುತ್ತದೆ ಎಂದು ಅಳೆಯಿರಿ. ರಾಡು ಈ ಬಾಗಿಲಿನ ದಾರಿಯಲ್ಲಿ ಬಂದರೆ ಪರದೆ ಎಷ್ಟು ಚೆನ್ನಾಗಿದ್ದರೂ ಪ್ರತಿದಿನ ಅದನ್ನು ಕೈಯಲ್ಲಿ ಎತ್ತಿ ಹಿಡಿದು ಕಿಟಕಿ ತೆರೆಯಬೇಕಾಗುತ್ತದೆ.

ಮೂರನೆಯ ಹಂತ: ಚೌಕಟ್ಟಿನ ಒಳಗೋ, ಗೋಡೆಯ ಮೇಲೋ

ದಪ್ಪ ಗೋಡೆಯಿದ್ದು, ಕಿಟಕಿ ಗೂಡಿನೊಳಗೆ ಕೂತಂತಿದ್ದರೆ ಪರದೆಯನ್ನು ಆ ಗೂಡಿನೊಳಗೆ ಹಾಕುವ ಆಸೆಯಾಗುವುದು ಸಹಜ. ಬಾಗಿಲು ಹೊರಮುಖವಾಗಿ ತೆರೆಯುವಂತಿದ್ದು ಅಥವಾ ಸರಿಯುವ ಗಾಜಿದ್ದು, ಕನಿಷ್ಠ ಮೂರು ಇಂಚು ಆಳ ಸಿಗುವುದಾದರೆ ಅದು ಸುಂದರವಾದ ಆಯ್ಕೆ. ಆಗ ಮೂರು ಅಗಲಗಳಲ್ಲಿ ಅತಿ ಚಿಕ್ಕದನ್ನು ಅಂಗಡಿಗೆ ಕೊಡಿ, ಮತ್ತು ಅದು ಗೂಡಿನ ಅಳತೆಯೋ ಬ್ಲೈಂಡಿನ ಅಳತೆಯೋ ಎಂಬುದನ್ನು ಬರೆದು ಸ್ಪಷ್ಟಪಡಿಸಿ. ತಯಾರಕರು ಸಾಮಾನ್ಯವಾಗಿ ತಾವೇ ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತಾರೆ. ನೀವೂ ಕಡಿಮೆ ಮಾಡಿ ಕೊಟ್ಟರೆ ಎರಡೂ ಸೇರಿ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ.

ಉಳಿದ ಬಹುಪಾಲು ಕಿಟಕಿಗಳಿಗೆ ಗೋಡೆಯ ಮೇಲಿನ ರಾಡೇ ಸರಿ. ಎರಡೂ ಬದಿಗೆ 6ರಿಂದ 8 ಇಂಚು, ಮೇಲೆ 4ರಿಂದ 6 ಇಂಚು ಹೆಚ್ಚಿಸಿದರೆ ಓರೆಯಾದ ಚೌಕಟ್ಟು ಮರೆಯಾಗುತ್ತದೆ, ಸರಿಸಿದ ಪರದೆ ಗಾಜಿನ ಮೇಲೆ ಗುಡ್ಡೆಯಾಗದೆ ಗೋಡೆಯ ಮೇಲೆ ನಿಲ್ಲುತ್ತದೆ, ಮೊದಲೇ ಕಡಿಮೆಯಿರುವ ಬೆಳಕು ಪೂರ್ತಿ ಒಳಗೆ ಬರುತ್ತದೆ.

ನಾಲ್ಕನೆಯ ಹಂತ: ಆಕಾರಕ್ಕೆ ತಕ್ಕ ಪರಿಹಾರ

ಪುಟ್ಟ ಚೌಕ ಕಿಟಕಿ. ಎರಡು ಅಡಿ ಆಸುಪಾಸಿನ ಕಿಟಕಿಗೆ ಅಷ್ಟೇ ಅಳತೆಯ ಪರದೆ ಹಾಕಿದರೆ ಗೋಡೆಗೆ ಕರವಸ್ತ್ರ ತೂಗುಹಾಕಿದಂತೆ ಕಾಣುತ್ತದೆ. ರಾಡನ್ನು ಎರಡೂ ಬದಿಗೆ 10 ಇಂಚು ಚಾಚಿ, ಪರದೆಯನ್ನು ಕಿಟಕಿಯ ಕೆಳ ಅಂಚಿನಿಂದ ಒಂದು ಅಡಿಯಾದರೂ ಇಳಿಬಿಡಿ. ಕಿಟಕಿ ದೊಡ್ಡದಾದಂತೆ ಕಾಣುತ್ತದೆ, ಬೆಳಕು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ನೆಲದವರೆಗೆ ಇಳಿಬಿಡುವುದು ಪತ್ರಿಕೆಗಳ ಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತದೆ. ಕೆಂಪು ಗಾರೆಯ ನೆಲ ಮಳೆಗಾಲದಲ್ಲಿ ಬೆವರುವ ಮನೆಗಳಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಬಟ್ಟೆಯ ತುದಿ ನೆಲದ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ.

ಹಳೆಯ ಮನೆಯ ನಾಲ್ಕು ಬಾಗಿಲ ಕಿಟಕಿ. ಮೇಲೆ ಎರಡು, ಕೆಳಗೆ ಎರಡು ಬಾಗಿಲಿರುವ ಈ ಕಿಟಕಿಗಳನ್ನು ಮಾಡಿದವರು ಬೆಳಕು ಮತ್ತು ಮರೆ ಎರಡನ್ನೂ ಯೋಚಿಸಿಯೇ ಮಾಡಿದ್ದಾರೆ. ನಡುವಿನ ಅಡ್ಡಪಟ್ಟಿಯ ಮಟ್ಟದಲ್ಲಿ, ಸರಳುಗಳಿಗೆ ಹತ್ತಿರವಾಗಿ, ಪ್ಲಾಸ್ಟಿಕ್ ಹೊದಿಕೆಯ ಸ್ಪ್ರಿಂಗ್ ತಂತಿಯನ್ನು ಎರಡು ಕೊಕ್ಕೆಗಳ ನಡುವೆ ಬಿಗಿದು ಅರ್ಧ ಪರದೆ ಹಾಕಿದರೆ ಸಾಕು. ಕೆಳಗೆ ಮರೆಯಾಗುತ್ತದೆ, ಮೇಲಿನ ಬಾಗಿಲು ತೆರೆದು ಗಾಳಿ ಆಡುತ್ತದೆ, ಖರ್ಚೂ ಅತ್ಯಲ್ಪ. ತಂತಿಯನ್ನು ಬೇಕಾದ ಉದ್ದಕ್ಕಿಂತ ಒಂದೆರಡು ಇಂಚು ಗಿಡ್ಡವಾಗಿ ಕತ್ತರಿಸಿ ಎಳೆದು ಸಿಕ್ಕಿಸಬೇಕು. ಮೂರೂವರೆ ಅಡಿಗಿಂತ ಅಗಲವಾದರೆ ಅದು ನಡುವೆ ಜೋತುಬೀಳುತ್ತದೆ.

ಅಗಲವಾದ ಸೀಳು ಕಿಟಕಿ. ಮಂಚದ ತಲೆಯ ಮೇಲೆ ಇರುವುದರಿಂದ ಉದ್ದ ಪರದೆ ಮಲಗಿದವರ ಮುಖಕ್ಕೆ ಬಡಿಯುತ್ತದೆ. ಇಲ್ಲಿ ಎರಡು ದಾರಿಗಳಿವೆ. ಒಂದು, ಕಿಟಕಿಯ ಕೆಳಗೆ 8 ಇಂಚಿನಷ್ಟೇ ಇಳಿಯುವ ಗಿಡ್ಡ ಪರದೆ; ಇನ್ನೊಂದು, ಮೇಲಕ್ಕೆ ಸುತ್ತಿಕೊಳ್ಳುವ ರೋಲರ್ ಬ್ಲೈಂಡ್. 8 ಅಡಿಯ ಒಂದೇ ರೋಲರ್ ಕೊಳವೆ ನಡುವೆ ಬಾಗಿ ಬಟ್ಟೆ ಸುಕ್ಕುಗಟ್ಟಬಹುದಾದ್ದರಿಂದ, ಗಾಜಿನ ನಡುಪಟ್ಟಿಗೆ ಸರಿಯಾಗಿ ಸೇರುವಂತೆ ಎರಡು ಅಥವಾ ಮೂರು ಬ್ಲೈಂಡುಗಳಾಗಿ ಒಡೆಯುವುದು ಒಳ್ಳೆಯದು. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿಡುವ ಅನುಕೂಲವೂ ಸಿಗುತ್ತದೆ.

ಒಂದೇ ಗೋಡೆಯ ಎರಡು ಅಸಮ ಕಿಟಕಿಗಳು. ಎತ್ತರದಲ್ಲಿರುವ ಕಿಟಕಿಯ ಮೇಲಂಚನ್ನು ಆಧಾರವಾಗಿಟ್ಟು ಇಡೀ ಗೋಡೆಗೆ ಒಂದೇ ರಾಡು ಹಾಕಿ, ತಗ್ಗಿನಲ್ಲಿರುವ ಕಿಟಕಿಯ ಕೆಳಗಿನಿಂದ ಅಳೆದು ಎಲ್ಲ ಪರದೆಗಳಿಗೂ ಒಂದೇ ಉದ್ದ ಕೊಡಿ. ಕಣ್ಣಿಗೆ ಆಗ ಎರಡು ಕಿಟಕಿಗಳು ಕಾಣುವುದಿಲ್ಲ, ಒಂದು ಪರದೆಯ ಗೋಡೆ ಕಾಣುತ್ತದೆ.

ಮೂಲೆ ಕಿಟಕಿಗೆ ಬಾಗಿಸಬಹುದಾದ ಅಲ್ಯೂಮಿನಿಯಂ ಟ್ರ್ಯಾಕ್ ಸಿಗುತ್ತದೆ; ಅದು ಸಿಗದಿದ್ದರೆ ಎರಡು ರಾಡುಗಳನ್ನು ಮೂಲೆಯಲ್ಲಿ ತಾಗುವಂತೆ ಇಟ್ಟು, ಪರದೆಗಳನ್ನು ಮೂಲೆಯಿಂದ ಹೊರಕ್ಕೆ ಸರಿಸುವಂತೆ ಮಾಡಿ. ಒಂದು ಬದಿಗೆ ಬೀರು ಒತ್ತಿಕೊಂಡಿರುವ ಕಿಟಕಿಗೆ ಜೋಡಿ ಪರದೆ ಬೇಡ, ಒಂದೇ ತುಂಡನ್ನು ಜಾಗವಿರುವ ಕಡೆಗೆ ಸರಿಸಿ.

ಉಪ್ಪರಿಗೆಯ ತ್ರಿಕೋನ ಗೋಡೆಯ ಕಿಟಕಿ, ಕಮಾನು ಕಿಟಕಿ ಇವುಗಳ ಓರೆ ಭಾಗಕ್ಕೆ ಬಟ್ಟೆ ಹೊಂದಿಸುವ ಪ್ರಯತ್ನವನ್ನು ಬಿಟ್ಟುಬಿಡುವುದೇ ನನ್ನ ಸಲಹೆ. ಕಮಾನಿನ ಬುಡದಲ್ಲಿ ನೇರವಾಗಿ ರಾಡು ಹಾಕಿ, ಮೇಲಿನ ಭಾಗವನ್ನು ಬೆಳಕಿಂಡಿಯಂತೆ ಖಾಲಿ ಬಿಡಿ. ವರ್ಷದ ನಾಲ್ಕು ತಿಂಗಳು ಮೋಡ ಕವಿದಿರುವ ಊರಿನಲ್ಲಿ ಅಷ್ಟು ಬೆಳಕು ಒಳಗೆ ಬರಲಿ.

ಐದನೆಯ ಹಂತ: ಬಟ್ಟೆ ಮತ್ತು ಬ್ಲೈಂಡಿನ ಆಯ್ಕೆ

ನಾನು ಎಡವಿದ್ದು ಇಲ್ಲಿ. ಪಶ್ಚಿಮದ ಕೋಣೆಗೆ ಹಿಂಬದಿಯಲ್ಲಿ ಫೋಮ್ ಲೇಪನವಿದ್ದು ಬೆಳಕನ್ನು ಪೂರ್ತಿ ತಡೆಯುವ ಬ್ಲ್ಯಾಕ್‌ಔಟ್ ಪರದೆಯನ್ನು ಬೇಸಿಗೆಯಲ್ಲಿ ಕೊಂಡು ತಂದೆ. ಏಪ್ರಿಲ್, ಮೇ ತಿಂಗಳಲ್ಲಿ ಕೋಣೆ ತಂಪಾಗಿತ್ತು. ಆರಿದ್ರಾ ಮಳೆ ಹಿಡಿದು ಹದಿನೈದು ದಿನ ಬಿಸಿಲು ಕಾಣದಿದ್ದಾಗ ಪರದೆಯ ಹಿಂಬದಿಯಲ್ಲಿ ಕಪ್ಪು ಚುಕ್ಕೆಗಳು ಮೂಡಿದವು, ಆಶ್ಲೇಷಾ ಮಳೆಯ ಹೊತ್ತಿಗೆ ಕೋಣೆಯೆಲ್ಲ ಮುಗ್ಗಲು ವಾಸನೆ. ಒಗೆದಾಗ ಲೇಪನ ಸಿಪ್ಪೆಸಿಪ್ಪೆಯಾಗಿ ಎದ್ದುಬಂತು. ತಪ್ಪು ಬಟ್ಟೆಯದಲ್ಲ, ಅದನ್ನು ಆ ಕಿಟಕಿಗೆ ಆರಿಸಿದ್ದರದು.

ಕಾರಣ ಸರಳವಾಗಿದೆ. ಗಾಳಿಯ ತೇವಾಂಶ ಶೇ. 80ರ ಆಸುಪಾಸಿನಲ್ಲೇ ನಿಂತುಬಿಟ್ಟರೆ ಬೂಷ್ಟು ಬೆಳೆಯಲು ನೀರು ಸುರಿಯಬೇಕಾಗಿಲ್ಲ. ನಮ್ಮ ಮಳೆಗಾಲದಲ್ಲಿ ತೇವಾಂಶ ವಾರಗಟ್ಟಲೆ ಅದಕ್ಕಿಂತ ಮೇಲಿರುತ್ತದೆ. ನೂಲುಗಳು ಗಾಳಿಯಿಂದ ಹೀರುವ ತೇವವೂ ಒಂದೇ ಸಮನಲ್ಲ. ಶೇ. 65ರ ತೇವಾಂಶದಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು ಶೇ. 8.5ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ಸೆಣಬು ಶೇ. 13ನ್ನೂ ದಾಟುತ್ತದೆ. ಸೆಣಬಿನ ಪರದೆ ನೋಡಲು ಮಲೆನಾಡಿನ ಮನೆಗೆ ಒಪ್ಪುವಂತಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒದ್ದೆ ಗೋಣಿಚೀಲವೇ ಸರಿ.

ಹಾಗೆಂದು ಪೂರ್ತಿ ಪಾಲಿಯೆಸ್ಟರನ್ನೂ ನಾನು ಹೇಳುವುದಿಲ್ಲ. ಬೇಸಿಗೆಯ ರಾತ್ರಿಗೆ ಹತ್ತಿಯ ಹಿತ ಅದಕ್ಕಿಲ್ಲ. ಪೂರ್ವ ಮತ್ತು ಉತ್ತರದ ಕಿಟಕಿಗಳಿಗೆ ತೆಳುವಾದ ಅಥವಾ ಮಧ್ಯಮ ದಪ್ಪದ ಹತ್ತಿ, ಮಳೆ ಬಡಿಯುವ ಪಶ್ಚಿಮ ಮತ್ತು ದಕ್ಷಿಣದ ಕಿಟಕಿಗಳಿಗೆ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆ ಎಂದು ವಿಂಗಡಿಸಿಕೊಂಡರೆ ಎರಡೂ ಋತುಗಳು ದಾಟುತ್ತವೆ. ಕತ್ತಲು ಬೇಕಾದ ಕೋಣೆಗೆ ಲೇಪನವಿಲ್ಲದ, ಒತ್ತಾಗಿ ನೇಯ್ದ ಬಟ್ಟೆಯನ್ನು ಆರಿಸಿ, ಅಥವಾ ಅಸ್ತರನ್ನು ಪರದೆಗೆ ಹೊಲಿಸದೆ ಬೇರೆಯಾಗಿ ಹಿಂದಿನ ರಾಡಿಗೆ ಹಾಕಿ; ಮಳೆಗಾಲದಲ್ಲಿ ಅದೊಂದನ್ನೇ ತೆಗೆದಿಡಬಹುದು.

ಬಿದಿರಿನ ಸುರುಳಿ ಪರದೆ ನಮ್ಮ ಮನೆಗಳಿಗೆ ಚೆನ್ನಾಗಿ ಹೊಂದುತ್ತದೆ. ಸೋಗೆ ತಟ್ಟಿ, ಅಡಿಕೆ ದಬ್ಬೆಯ ಮರೆ ಇವುಗಳನ್ನು ಕಂಡು ಬೆಳೆದ ಕಣ್ಣಿಗೆ ಅದು ಹೊಸತೂ ಅಲ್ಲ. ಆದರೆ ಹಸಿ ಬಿದಿರಿಗೆ ಹುಳು ಹಿಡಿಯುತ್ತದೆ, ಬೂಷ್ಟೂ ಹಿಡಿಯುತ್ತದೆ. ಸಂಸ್ಕರಿಸಿ ಮೆರುಗೆಣ್ಣೆ ಹಚ್ಚಿದ್ದನ್ನೇ ಕೇಳಿ, ಪಶ್ಚಿಮದ ಕಿಟಕಿಗೆ ಹಾಕಿದ್ದಾದರೆ ಪ್ರತಿ ಮೇ ತಿಂಗಳಲ್ಲಿ ಒಂದು ಕೈ ಮೆರುಗೆಣ್ಣೆ ಮತ್ತೆ ಹಚ್ಚಿ. ಅಡ್ಡಪಟ್ಟಿಗಳ ವೆನೀಶಿಯನ್ ಬ್ಲೈಂಡ್ ಬೇಕಿದ್ದರೆ ಮರದ್ದನ್ನು ಬಿಟ್ಟು ಅಲ್ಯೂಮಿನಿಯಂ ಅಥವಾ ಪಿವಿಸಿ ಪಟ್ಟಿಯದ್ದನ್ನು ತೆಗೆದುಕೊಳ್ಳಿ, ಮರ ಸೊಟ್ಟಗಾಗುತ್ತದೆ.

ಆರನೆಯ ಹಂತ: ಬಟ್ಟೆಯ ಲೆಕ್ಕ

ನೆರಿಗೆ ಚೆನ್ನಾಗಿ ಬೀಳಬೇಕಾದರೆ ಬಟ್ಟೆಯ ಒಟ್ಟು ಅಗಲ ರಾಡಿನ ಉದ್ದದ ಎರಡರಷ್ಟಿರಬೇಕು. ತೆಳು ಬಟ್ಟೆಗೆ ಎರಡೂವರೆಯಷ್ಟಾದರೆ ಇನ್ನೂ ಒಳ್ಳೆಯದು, ದಪ್ಪ ಬಟ್ಟೆಗೆ ಒಂದೂಮುಕ್ಕಾಲು ಸಾಕು. ಸೀಳು ಕಿಟಕಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕಿಟಕಿ 96 ಇಂಚು ಅಗಲ, 27 ಇಂಚು ಎತ್ತರ. ರಾಡು ಎರಡೂ ಬದಿಗೆ 8 ಇಂಚು ಸೇರಿ 112 ಇಂಚು. ಅದರ ಎರಡರಷ್ಟು 224 ಇಂಚು. ಪರದೆ ಬಟ್ಟೆಯ ಪನ್ನ, ಅಂದರೆ ಥಾನಿನ ಅಗಲ, 54 ಇಂಚು ಎಂದುಕೊಂಡರೆ ನಾಲ್ಕು ಪನ್ನಗಳಿಂದ 216 ಇಂಚು ಬರುತ್ತದೆ. ಪ್ರತಿ ತುಂಡಿನ ಎರಡು ಬದಿಯ ಮಡಿಕೆಗೆ 4 ಇಂಚು ಹೋದರೆ ಉಳಿಯುವುದು 200. ಎರಡರಷ್ಟಕ್ಕೆ ಸ್ವಲ್ಪ ಕಡಿಮೆಯಾದರೂ ಮಧ್ಯಮ ಅಥವಾ ದಪ್ಪ ಬಟ್ಟೆಗೆ ಇಷ್ಟು ಸಾಕು, ತೆಳುವಾದದ್ದಕ್ಕೆ ಐದನೆಯ ಪನ್ನ ಬೇಕು.

ಉದ್ದಕ್ಕೆ ಮೇಲಿನ 5, ಕಿಟಕಿಯ 27, ಕೆಳಗಿನ 8 ಸೇರಿ 40 ಇಂಚು. ಮೇಲಿನ ಮಡಿಕೆಗೆ 3, ಕೆಳಗಿನದಕ್ಕೆ 4 ಕೂಡಿಸಿದರೆ 47. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಶೇ. 5ರವರೆಗೆ ಕುಗ್ಗಬಹುದಾದ್ದರಿಂದ ಪ್ರತಿ ತುಂಡನ್ನು 50 ಇಂಚು ಹಿಡಿಯಿರಿ. ನಾಲ್ಕು ತುಂಡುಗಳಿಗೆ 200 ಇಂಚು, ಅಂದರೆ 5 ಮೀಟರಿಗಿಂತ ಸ್ವಲ್ಪ ಹೆಚ್ಚು. ಐದೂಕಾಲು ಮೀಟರ್ ಕೊಂಡರೆ ನಿರಾಳ. ದೊಡ್ಡ ಹೂವಿನ ವಿನ್ಯಾಸವಿದ್ದರೆ ತುಂಡುಗಳ ಹೂವು ಒಂದೇ ಸಾಲಿಗೆ ಬರಲು ಇನ್ನೂ ಹೆಚ್ಚು ಬಟ್ಟೆ ಹೋಗುತ್ತದೆ. ಬಟ್ಟೆಯನ್ನು ದರ್ಜಿಗೆ ಕೊಡುವ ಮೊದಲು ಮನೆಯಲ್ಲಿ ಒಮ್ಮೆ ನೆನೆಸಿ ಒಣಗಿಸಿ. ಕೆಳಗಿನ 4 ಇಂಚಿನ ಮಡಿಕೆಯನ್ನು ಕತ್ತರಿಸಬಾರದೆಂದು ದರ್ಜಿಗೆ ತಿಳಿಸಿ. ಮುಂದೆ ಕುಗ್ಗಿದರೆ ಬಿಚ್ಚಿ ಇಳಿಸಲು ಬರುತ್ತದೆ.

ಏಳನೆಯ ಹಂತ: ಗೋಡೆಗೆ ಕೂರಿಸುವುದು

ಸಿಮೆಂಟ್ ಗೋಡೆಯಾದರೆ ಡ್ರಿಲ್ ಮಾಡಿ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಮುಗಿಯಿತು. ಮಣ್ಣಿನ ಗೋಡೆಯಲ್ಲಿ ಪ್ಲಗ್ ನಿಲ್ಲುವುದಿಲ್ಲ, ಜಂಬಿಟ್ಟಿಗೆಯ ಗೋಡೆಯಲ್ಲಿಯೂ ಕಲ್ಲಿನ ಟೊಳ್ಳು ಸಿಕ್ಕಿದರೆ ನಿಲ್ಲುವುದಿಲ್ಲ. ಒಂದು ದಿನ ಪರದೆ ಎಳೆದಾಗ ಬ್ರಾಕೆಟ್ಟಿನ ಜೊತೆ ಹಿಡಿಯಷ್ಟು ಗಾರೆಯೂ ಬರುತ್ತದೆ. ಅಂಥ ಕಡೆ ಕಿಟಕಿಗಿಂತ ಒಂದಡಿ ಅಗಲವಾದ, ಮೂರು ಇಂಚಿನ ಮರದ ಪಟ್ಟಿಯೊಂದನ್ನು ಬಡಗಿಯಿಂದ ಚೌಕಟ್ಟಿನ ಮೇಲಿನ ಅಡ್ಡಮರಕ್ಕೇ ಬಿಗಿಸಿ, ಬ್ರಾಕೆಟ್ಟುಗಳನ್ನು ಆ ಪಟ್ಟಿಗೆ ಹಾಕಿ. ಭಾರವೆಲ್ಲ ಮರದ ಮೇಲೆ ಬೀಳುತ್ತದೆ. ಪಟ್ಟಿಯ ಹಿಂಬದಿಗೂ ಗೆದ್ದಲು ನಿರೋಧಕ ಹಚ್ಚಲು ಮರೆಯಬೇಡಿ, ಗೆದ್ದಲು ಬರುವುದು ಆ ಬದಿಯಿಂದಲೇ.

ರಾಡನ್ನು ರಸಮಟ್ಟ ಇಟ್ಟು ಕೂರಿಸುವುದು ಸರಿಯಾದ ಕ್ರಮ. ಆದರೆ ತೊಲೆಯೇ ಓರೆಯಿರುವ ಕೋಣೆಯಲ್ಲಿ ನಿಖರವಾಗಿ ಮಟ್ಟದಲ್ಲಿರುವ ರಾಡು ಕಣ್ಣಿಗೆ ಸೊಟ್ಟಗೆ ಕಾಣುತ್ತದೆ. ಆಗ ಒಬ್ಬರು ರಾಡು ಹಿಡಿದು, ಇನ್ನೊಬ್ಬರು ಬಾಗಿಲಲ್ಲಿ ನಿಂತು ನೋಡಿ, ರಸಮಟ್ಟಕ್ಕೂ ತೊಲೆಗೂ ನಡುವಿನ ಓರೆಯೊಂದನ್ನು ಒಪ್ಪಿಕೊಳ್ಳುವುದು ಉತ್ತಮ. ನಾಲ್ಕು ಅಡಿಗಿಂತ ಉದ್ದದ ರಾಡಿಗೆ ನಡುವೆ ಇನ್ನೊಂದು ಬ್ರಾಕೆಟ್ ಬೇಕು. ಬಣ್ಣ ಹಚ್ಚಿದ ಕಬ್ಬಿಣದ ರಾಡು ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಪರದೆಗೆ ಕಲೆ ಮಾಡುತ್ತದೆ; ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಅಥವಾ ಹಿತ್ತಾಳೆಯದನ್ನೇ ಕೊಳ್ಳಿ, ಸ್ಕ್ರೂಗಳೂ ಅವೇ ಇರಲಿ. ಟೊಳ್ಳು ರಾಡಿನ ಎರಡೂ ತುದಿಗೆ ಮುಚ್ಚಳ ಹಾಕಿ, ಇಲ್ಲವಾದರೆ ಕುಂಬಾರ ಹುಳು ಮಣ್ಣು ತಂದು ಅದರೊಳಗೆ ಗೂಡು ಕಟ್ಟುತ್ತದೆ.

ಮಕ್ಕಳಿರುವ ಮನೆಯವರು ಇದೊಂದನ್ನು ತಪ್ಪದೆ ಪಾಲಿಸಬೇಕು. ಬ್ಲೈಂಡಿನ ದಾರ ಅಥವಾ ಮಣಿಸರ ಕುಣಿಕೆಯಾಗಿ ಜೋತಾಡುತ್ತಿದ್ದರೆ ಮಗುವಿನ ಕುತ್ತಿಗೆಗೆ ಸುತ್ತಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಗೋಡೆಗೆ ನೆಲದಿಂದ 5 ಅಡಿ ಎತ್ತರದಲ್ಲಿ ಕೊಕ್ಕೆ ಹಾಕಿ ದಾರವನ್ನು ಬಿಗಿಯಾಗಿ ಸುತ್ತಿಡಿ, ಮಂಚ ಮತ್ತು ತೊಟ್ಟಿಲನ್ನು ಆ ದಾರದಿಂದ ದೂರವಿಡಿ. ಮಕ್ಕಳ ಕೋಣೆಗೆ ದಾರವಿಲ್ಲದ ಬ್ಲೈಂಡನ್ನೋ ಸಾದಾ ಪರದೆಯನ್ನೋ ಆರಿಸುವುದು ಇನ್ನೂ ಕ್ಷೇಮ.

ಮಳೆಗಾಲದ ಪಾಲನೆ

ಮೃಗಶಿರಾ ಮಳೆ ಹಿಡಿಯುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ, ಎಲ್ಲ ಪರದೆಗಳನ್ನು ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಿ. ದಪ್ಪದವುಗಳನ್ನು ಮಡಿಸಿ ಒಣ ಬೇವಿನ ಸೊಪ್ಪಿನೊಂದಿಗೆ ಪೆಟ್ಟಿಗೆಯಲ್ಲಿಟ್ಟು, ಅದೇ ರಾಡಿಗೆ ತೆಳುವಾದ ಜೋಡಿಯನ್ನು ಹಾಕಿ. ಮಳೆಗಾಲದಲ್ಲಿ ಪರದೆಯನ್ನು ಹಗಲೆಲ್ಲ ಪೂರ್ತಿ ಸರಿಸಿಡಿ, ಬಟ್ಟೆಗೂ ಗೋಡೆಗೂ ನಡುವೆ ಮೂರು ಬೆರಳಷ್ಟಾದರೂ ಗಾಳಿ ಆಡಲಿ. ಕಪ್ಪು ಚುಕ್ಕೆ ಕಂಡ ಕೂಡಲೇ ಆ ಪರದೆಯನ್ನು ಇಳಿಸಿ ಉಳಿದವುಗಳಿಂದ ಬೇರೆಯಿಡಿ, ಹೊರಗೆ ಒಣ ಬ್ರಷ್ಷಿನಿಂದ ಉಜ್ಜಿ, ಬಿಸಿನೀರು ಮತ್ತು ಸೋಪಿನಲ್ಲಿ ಒಗೆಯಿರಿ. ಬಿಸಿಲಿಲ್ಲದ ದಿನವಾದರೆ ಹೊಗೆಗೂಡಿನ ಬಳಿ ಹಾಕದೆ ಫ್ಯಾನಿನ ಕೆಳಗೆ ಒಣಗಿಸಿ, ಏಕೆಂದರೆ ಹೊಗೆಯ ಕಂದು ಬಣ್ಣ ಆಮೇಲೆ ಹೋಗುವುದಿಲ್ಲ. ಪೆಟ್ಟಿಗೆಯಲ್ಲಿಟ್ಟ ದಪ್ಪ ಪರದೆಗಳನ್ನು ನವರಾತ್ರಿಯ ಬಿಸಿಲಿಗೆ ಒಂದು ದಿನ ಹರಡಿ, ರಾಡು ಒರೆಸಿ, ಬ್ರಾಕೆಟ್ಟಿನ ಸ್ಕ್ರೂಗಳನ್ನು ಬಿಗಿ ಮಾಡಿ ಮತ್ತೆ ಏರಿಸಿ.